ಅಕ್ಷರ ತಿದ್ದಲು ಹೊರಟ ಪಾದ್ರಿ

ಇಂಗ್ಲಿಷಿನಲ್ಲಿ ‘ಶಿಪ್’ ಅಂತ ಬರೆಯುವಾಗ ‘ಶ’ ಎಂಬ ಒಂದೇ ಶಬ್ದಕ್ಕೆ ಎಸ್, ಎಚ್ ಎರಡು ಅಕ್ಷರ ಯಾಕೆ ಬೇಕು? ಕನ್ನಡದಲ್ಲಾದರೆ ಒಂದು ‘ಶ’ ಬರೆದರೆ ಮುಗೀತು. ಇಂಥದ್ದೇ ಪ್ರಶ್ನೆ ಹಿಡಿದು ಕೂತ ಒಬ್ಬ ಪಾದ್ರಿಯ ವಿಷಯವನ್ನು ಈ ಸಲ ಬರೆಯುತ್ತೇನೆ.

ಅವರ ಹೆಸರು ಫ್ರಾಂತ್ಸ್ ಸೆರಾಫಿನ್ ಮೆತೆಲ್ಕೊ. 1789ರಲ್ಲಿ ಯುರೋಪಿನ ಸ್ಲೊವೇನಿಯಾದಲ್ಲಿ ಹುಟ್ಟಿದರು. ಭೂಪಟದಲ್ಲಿ ಇಟಲಿಯ ಪೂರ್ವಕ್ಕೆ, ಆಸ್ಟ್ರಿಯಾದ ಕೆಳಗೆ ಬೆರಳಿಟ್ಟು ನೋಡಿ, ಸಿಗುತ್ತೆ. ಆಗ ಆ ನಾಡು ವಿಯೆನ್ನಾದ ಚಕ್ರವರ್ತಿಯ ಕೈಕೆಳಗಿತ್ತು. ಮೆತೆಲ್ಕೊ 1817ರಿಂದ ಲ್ಯುಬ್ಲ್ಯಾನಾ ಪಟ್ಟಣದಲ್ಲಿ ಸ್ಲೊವೇನಿಯನ್ ಭಾಷೆಯ ಮೇಷ್ಟ್ರೂ ಆಗಿದ್ದರು.

ಅಲ್ಲಿನ ಜನ ರೋಮನ್ ಅಕ್ಷರಗಳಲ್ಲೇ ಬರೆಯುತ್ತಿದ್ದರು. ಬೊಹೊರಿಚ್ ಎಂಬ ಪಂಡಿತರು 1584ರ ವ್ಯಾಕರಣದಲ್ಲಿ ಗಟ್ಟಿ ಮಾಡಿದ ಪದ್ಧತಿ ಅದು. ಅದರಲ್ಲಿ ಎಸ್ ಎರಡು ಥರ. ಉದ್ದನೆಯ ಎಸ್ ಬರೆದರೆ ‘ಸ’. ಸಾಮಾನ್ಯ ಎಸ್ ಬರೆದರೆ ‘ಝೀಬ್ರಾ’ದ ಮೊದಲ ಶಬ್ದ. ಉದ್ದ ಎಸ್ ಪಕ್ಕ ಎಚ್ ಇಟ್ಟರೆ ‘ಶ’. ಸಾಮಾನ್ಯ ಎಸ್ ಪಕ್ಕ ಎಚ್ ಇಟ್ಟರೆ ಇಂಗ್ಲಿಷಿನ ‘ಮೆಷರ್’ ಪದದ ನಡುವಿನ ಶಬ್ದ. ಝಡ್ ಬರೆದರೆ ‘ತ್ಸ’, ಝಡ್ ಎಚ್ ಬರೆದರೆ ‘ಚ’! ಓದಲು ಕಲಿಯುವ ಮಕ್ಕಳ ಪಾಡು ಏನಾಗಿರಬೇಡ, ನೀವೇ ಹೇಳಿ.

ಒಂದು ಶಬ್ದಕ್ಕೆ ಒಂದೇ ಅಕ್ಷರ ಇರಬೇಕು ಎಂಬುದು ವಿಯೆನ್ನಾದಲ್ಲಿದ್ದ ಸ್ಲೊವೇನಿಯನ್ ವಿದ್ವಾಂಸ ಕೊಪಿತಾರ್ ಅವರ ವಾದ. ಮೆತೆಲ್ಕೊ ಅದನ್ನು ಮಾಡಿಯೇ ತೋರಿಸಿದರು. 1825ರಲ್ಲಿ ತಮ್ಮ ವ್ಯಾಕರಣ ಪುಸ್ತಕದಲ್ಲಿ ಹೊಸ ವರ್ಣಮಾಲೆ ಕೊಟ್ಟರು. ರೋಮನ್ ಅಕ್ಷರ ಸಾಲದ ಕಡೆ ರಷ್ಯನ್ನರು ಬರೆಯುವ ಸಿರಿಲಿಕ್ ಲಿಪಿಯ ಮಾದರಿಯಲ್ಲಿ ಹೊಸ ಅಕ್ಷರ ಸೇರಿಸಿದರು. ‘ಎ’, ‘ಒ’ ಸ್ವರಗಳ ಬೇರೆ ಬೇರೆ ಉಚ್ಚಾರಣೆಗೂ ಬೇರೆ ಬೇರೆ ಅಕ್ಷರ!

ಇದಕ್ಕೆ ಒಂದು ವರ್ಷ ಮೊದಲು, 1824ರಲ್ಲಿ, ಪೂರ್ವ ಭಾಗದ ಇನ್ನೊಬ್ಬ ಪಾದ್ರಿ ದಾಯ್ನ್ಕೊ ಅವರೂ ಒಂದು ವರ್ಣಮಾಲೆ ಮಾಡಿದ್ದರು. ಇರುವುದೇ ಚಿಕ್ಕ ಜನಾಂಗ, ಅದಕ್ಕೆ ಮೂರು ಬಗೆಯ ಬರವಣಿಗೆ! ದೊಡ್ಡ ಜಗಳವೇ ಎದ್ದಿತು. ಅದಕ್ಕೆ ‘ಅಕ್ಷರ ಯುದ್ಧ’ ಅಂತಲೇ ಹೆಸರು. ಮತಿಯಾ ಚೋಪ್ ಎಂಬ ವಿದ್ವಾಂಸರು ಮೆತೆಲ್ಕೊ ಅವರನ್ನು ಕಟುವಾಗಿ ವಿರೋಧಿಸಿದರು. ಮಹಾಕವಿ ಪ್ರೆಶೆರೆನ್ ಅವರಂತೂ ‘ಕಾಶ’, ಅಂದ್ರೆ ನುಚ್ಚಿನ ಗಂಜಿಯಂಥ ಅಡುಗೆ, ಆ ಪದವನ್ನು ಹೇಗೆ ಬರೆಯಬೇಕು ಅಂತ ಕಚ್ಚಾಡುವವರನ್ನು ಒಂದು ಸಾನೆಟ್ಟಿನಲ್ಲಿ ಗೇಲಿ ಮಾಡಿದರು. ಕೊನೆಗೆ 1833ರಲ್ಲಿ ಸರ್ಕಾರವೇ ಶಾಲೆಗಳಲ್ಲಿ ಮೆತೆಲ್ಕೊ ಅಕ್ಷರಗಳನ್ನು ನಿಷೇಧಿಸಿತು. ಎಂಟು ವರ್ಷಕ್ಕೇ ಕಥೆ ಮುಗಿಯಿತು.

ನನ್ನ ಪ್ರಕಾರ ಮೆತೆಲ್ಕೊ ಅವರ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಒಂದೇ ಸಲಕ್ಕೆ ಅಷ್ಟೊಂದು ಅಪರಿಚಿತ ಅಕ್ಷರ ಕಂಡರೆ ಯಾರಿಗಾದರೂ ಕಣ್ಣು ಕಟ್ಟಿದ ಹಾಗಾಗುತ್ತೆ. ಅಚ್ಚಿನ ಮೊಳೆಗಳನ್ನೂ ಹೊಸದಾಗಿ ಎರಕ ಹೊಯ್ಯಬೇಕು. ಆಮೇಲೆ 1840ರ ದಶಕದಲ್ಲಿ ಗೆದ್ದದ್ದು ಕ್ರೊಯೇಷಿಯಾದ ಗಾಯ್ ಅವರ ಪದ್ಧತಿ. ಅವರು ಚೆಕ್ ಭಾಷೆಯನ್ನು ನೋಡಿ ಸಿ, ಎಸ್, ಝಡ್‌ಗಳ ತಲೆ ಮೇಲೆ ಒಂದು ಸಣ್ಣ ಕೊಕ್ಕೆ ಇಟ್ಟರು, ಅಷ್ಟೇ! ‘ಚ’, ‘ಶ’ಗಳಿಗೆ ಒಂದೊಂದೇ ಅಕ್ಷರ ಸಿಕ್ಕಿತು. 1860ರಲ್ಲಿ ತೀರಿಕೊಂಡ ಮೆತೆಲ್ಕೊ ಇದನ್ನೂ ಕಣ್ಣಾರೆ ಕಂಡರು.

ಸ್ವರಗಳ ತೊಡಕು ಮಾತ್ರ ಹಾಗೇ ಉಳಿಯಿತು. ಇವತ್ತಿನ ಸ್ಲೊವೇನಿಯನ್ ವರ್ಣಮಾಲೆಯಲ್ಲಿ 25 ಅಕ್ಷರ. ಸ್ವರಾಕ್ಷರ ಐದೇ, ಬಾಯಲ್ಲಿ ಬರುವ ಸ್ವರ ಅದಕ್ಕಿಂತ ಜಾಸ್ತಿ. ನಾಯಿಗೆ ‘ಪೆಸ್’ ಅಂತ ಬರೆದು ಹೆಚ್ಚುಕಮ್ಮಿ ‘ಪಸ್’ ಅಂತ ಓದುತ್ತಾರೆ.