ಅಮೆರಿಕ ಇರೋದು ಪಡುವಣಕ್ಕೆ, ವಿಮಾನ ಬಡಗಣಕ್ಕೆ ಯಾಕೆ ಹೋಯಿತು?

ಮಗಳು ಬೆಂಗಳೂರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ವಿಮಾನ ಹತ್ತಿದಳೆಂದರೆ ಲಕ್ಷ್ಮೇಶ್ವರದಲ್ಲೋ ಶಿರಹಟ್ಟಿಯಲ್ಲೋ ಇರುವ ಅಪ್ಪ-ಅವ್ವನಿಗೆ ನಿದ್ದೆ ಎಲ್ಲಿಯದು? ಮೊಬೈಲಿನ ನಕಾಶೆಯಲ್ಲಿ ವಿಮಾನದ ಪುಟ್ಟ ಗುರುತನ್ನೇ ನೋಡುತ್ತ ಕೂಡುತ್ತಾರೆ. ಅದು ಅರಬ್ಬಿ ಸಮುದ್ರದ ಕಡೆ ತಿರುಗದೆ ಹಿಮಾಲಯದತ್ತ ಮುಖ ಮಾಡಿದರೆ ಎದೆ ಧಸಕ್ಕೆನ್ನುತ್ತದೆ. ಇದ್ಯಾಕೆ ಈ ಸುತ್ತುಹಾದಿ?

ನಿಜಕ್ಕೂ ಸುತ್ತುಹಾದಿ ಅದಲ್ಲ. ಶಾಲೆಯ ಗೋಡೆಗೆ ತೂಗುಹಾಕಿದ ನಕಾಶೆಯ ಮೇಲೆ ನಾವು ಎಳೆಯುವ ನೆಟ್ಟನೆಯ ಗೆರೆಯೇ ಸುತ್ತು. ಆಫ್ರಿಕ, ಅಟ್ಲಾಂಟಿಕ್ ದಾಟುವ ಆ ಗೆರೆ ಹಿಡಿದು ಹೊರಟರೆ ಸುಮಾರು 20 ಸಾವಿರ ಕಿ.ಮೀ. ಆದೀತು. ಬೆಟಗೇರಿಯ ಮಗ್ಗದಿಂದ ಒಂದು ನೂಲಿನೆಳೆ ತಂದು ಗ್ಲೋಬಿನ ಮೇಲೆ ಎರಡೂ ಊರಿಗೆ ಬಿಗಿಯಾಗಿ ಹಿಡಿದು ನೋಡಿ. ಎಳೆ ತಾನಾಗಿಯೇ ಜಾರಿ ಹಿಮಾಲಯ, ಸೈಬೀರಿಯಗಳನ್ನು ಹಾದು ಅಲಾಸ್ಕದ ಮೇಲಿಂದ ಇಳಿಯುತ್ತದೆ. ಅದರ ಅಳತೆ ಸುಮಾರು 14 ಸಾವಿರ ಕಿ.ಮೀ. ಮಕ್ಕಳಿಗೆ ಇದನ್ನು ಒಮ್ಮೆ ಮಾಡಿ ತೋರಿಸಿದರೆ ಸಾಕು, ಹತ್ತು ಪಾಠ ಬೇಕಿಲ್ಲ.

2021ರ ಜನವರಿ 9ರಂದು ಏರ್ ಇಂಡಿಯಾದ ಮೊದಲ ನೇರ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಹೊರಟಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳು, ಪೈಲಟ್‌ಗಳೆಲ್ಲ ಹೆಣ್ಣುಮಕ್ಕಳು. ಅವರು ಎಳೆಗಿಂತಲೂ ಮೇಲಕ್ಕೆ ಸರಿದು ಉತ್ತರ ಧ್ರುವದ ಮೇಲೆ ಹಾರಿದರು. ಯಾಕೆಂದರೆ ಹಾದಿ ಆರಿಸುವುದು ದೂರವೊಂದೇ ಅಲ್ಲ, ಗಾಳಿಯೂ ಹೌದು. ಹತ್ತು ಕಿ.ಮೀ. ಎತ್ತರದಲ್ಲಿ, ಪೆಸಿಫಿಕ್ ಸಾಗರದ ಮೇಲೆ ಪಡುವಣದಿಂದ ಮೂಡಣಕ್ಕೆ ಗಾಳಿ ರಭಸದಿಂದ ಬೀಸುತ್ತದೆ. ಹೋಗುವಾಗ ಅದು ಬೆನ್ನಿಗೆ, ಬರುವಾಗ ಎದೆಗೆ. ಹೋದಷ್ಟೇ ಹೊತ್ತಿಗೆ ಬರಬೇಕೆಂಬ ಲೆಕ್ಕ ಅಲ್ಲಿ ನಡೆಯದು.

ಭೂಮಿಯೇ ತಿರುಗಿ ಊರನ್ನು ವಿಮಾನದ ಎದುರಿಗೆ ತಂದುಕೊಡುತ್ತದೆ ಎನ್ನುವವರಿದ್ದಾರೆ. ಹಾಗಿದ್ದರೆ ಗದಗಿನ ಮೇಲೆ ಹೆಲಿಕಾಪ್ಟರ್ ಏಳೇ ನಿಮಿಷ ನಿಂತಲ್ಲೇ ನಿಂತರೆ ಪಣಜಿ ಅದರ ಕಾಲಡಿಗೆ ಬರಬೇಕಿತ್ತು. ಭೂಮಿಯ ಜೊತೆ ಗಾಳಿಯೂ ತಿರುಗುತ್ತದೆ, ಗಾಳಿಯೊಳಗಿರುವ ಹೆಲಿಕಾಪ್ಟರೂ.

ಇನ್ನು ಗಡಿಯಾರ. ಆ ಮೊದಲ ವಿಮಾನ 9ರ ರಾತ್ರಿ ಹೊರಟು 11ರ ನಸುಕಿನಲ್ಲಿ ಮುಟ್ಟಿತು. ಎರಡು ದಿನ ಹಾರಿತೇ? ಇಲ್ಲ, ಸುಮಾರು 17 ತಾಸು. ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಯದಕ್ಕಿಂತ ಹದಿಮೂರೂವರೆ ತಾಸು ಮುಂದಿರುತ್ತದೆ. ಬೇಸಿಗೆಯಲ್ಲಿ ಅವರು ತಮ್ಮ ಮುಳ್ಳು ಸರಿಸುವುದರಿಂದ ಹನ್ನೆರಡೂವರೆ. ಇಲ್ಲಿ ಮಧ್ಯಾಹ್ನ 2ಕ್ಕೆ ಹೊರಟು 16 ತಾಸು ಹಾರಿದವರು ಚಳಿಗಾಲದಲ್ಲಾದರೆ ಅದೇ ದಿನ ಸಂಜೆ ನಾಲ್ಕೂವರೆಗೆ ಅಲ್ಲಿ ಇಳಿಯುತ್ತಾರೆ. ಎರಡೂವರೆ ತಾಸಿನಲ್ಲಿ ಅಮೆರಿಕ ಮುಟ್ಟಿದರೆಂದು ಊರಲ್ಲಿ ಸುದ್ದಿಯಾಗುವುದು ಹೀಗೆ.

ಮುಂಡರಗಿಯಿಂದ ಹೊರಟವರಿಗೆ ಟಿಕೆಟಿನ ಈ ತಾಸುಗಳು ಅರ್ಧ ಲೆಕ್ಕ ಮಾತ್ರ. ಗದಗಿಗೆ ಬಸ್ಸು, ಅಲ್ಲಿಂದ ರಾತ್ರಿಯ ರೈಲು, ಬೆಂಗಳೂರಿನಿಂದ ದೇವನಹಳ್ಳಿಯ ವಿಮಾನ ನಿಲ್ದಾಣ, ಅಲ್ಲಿ ಮೂರು ತಾಸು ಮೊದಲೇ ಹಾಜರಿ, ಇಳಿದ ಮೇಲೆ ತಪಾಸಣೆಯ ಸಾಲು. ಮನೆಯ ಹೊಸ್ತಿಲಿಂದ ಆಚೆಯ ಹೊಸ್ತಿಲಿಗೆ ಒಂದೂವರೆ ದಿನ. ಅಷ್ಟು ಹೊತ್ತಿನಲ್ಲಿ ಫೋನು ಹತ್ತದಿದ್ದರೆ ಗಾಬರಿಯಾಗಬೇಡಿ, ನಿಮ್ಮ ಮಗಳು ವಿಮಾನದಲ್ಲಿ ನಿದ್ದೆಯಲ್ಲಿರುತ್ತಾಳೆ.