ಚಹಾ ಪುಡಿಯ ಪರಿಮಳ ಕಳೆದುಹೋಗುವುದೆಲ್ಲಿ?

ಅಂಗಡಿಯಿಂದ ತಂದ ದಿನ ಘಮಘಮಿಸುತ್ತಿದ್ದ ಚಹಾ ಪುಡಿ ಎರಡು ತಿಂಗಳೊಳಗೆ ಸಪ್ಪೆಯಾಗುವುದು ಅನೇಕ ಮನೆಗಳ ಅನುಭವ. ಆಗ ಒಂದು ಚಮಚ ಹಾಕುವಲ್ಲಿ ಒಂದೂವರೆ ಚಮಚ ಬೀಳುತ್ತದೆ, ತಿಂಗಳ ಖರ್ಚೂ ಏರುತ್ತದೆ. ದೂರು ಹಾಲಿನ ಮೇಲೋ ಕಂಪೆನಿಯ ಮೇಲೋ ಹೋಗುತ್ತದೆ. ಆದರೆ ಪುಡಿಯನ್ನು ಇಟ್ಟ ಡಬ್ಬಿ ಮತ್ತು ಜಾಗವೇ ಇದಕ್ಕೆ ಕಾರಣವಾಗಿರುವ ಸಾಧ್ಯತೆಯೂ ಇದೆ.

ತೇವವೇ ಮೊದಲ ವೈರಿ

ಕಾರ್ಖಾನೆಯಲ್ಲಿ ಬಿಸಿಗಾಳಿಯಿಂದ ಒಣಗಿಸಿದ ಚಹಾದಲ್ಲಿ ಉಳಿಯುವ ತೇವಾಂಶ ಸುಮಾರು ಶೇ. 3 ಮಾತ್ರ. ಇಷ್ಟು ಒಣಗಿದ ಪದಾರ್ಥವು ಗಾಳಿಯಲ್ಲಿನ ತೇವವನ್ನು ಬೇಗನೆ ಹೀರಿಕೊಳ್ಳುತ್ತದೆ. ತೇವಾಂಶವು ಶೇ. 7ರ ಆಸುಪಾಸಿಗೆ ಏರಿದರೆ ಗುಣಮಟ್ಟ ವೇಗವಾಗಿ ಕುಸಿಯುತ್ತದೆ. ಇನ್ನೂ ಹೆಚ್ಚಿದರೆ ಬೂಷ್ಟು ಹಿಡಿಯುತ್ತದೆ.

ಎರಡನೆಯ ವೈರಿ ಆಮ್ಲಜನಕ. ಚಹಾಕ್ಕೆ ಹೊಳಪಿನ ಬಣ್ಣ ಮತ್ತು ಚುರುಕು ರುಚಿ ನೀಡುವ ಥಿಯಾಫ್ಲಾವಿನ್ ಎಂಬ ಅಂಶ ದಾಸ್ತಾನಿನಲ್ಲಿ ಕ್ರಮೇಣ ಕ್ಷೀಣಿಸುತ್ತದೆ. ಶಾಖ ಮತ್ತು ಬೆಳಕು ಈ ಕ್ರಿಯೆಯನ್ನು ತ್ವರಿತಗೊಳಿಸುತ್ತವೆ.

ಇನ್ನೊಂದು ಅಪಾಯ ಪರವಾಸನೆ. ಚೀನಾದಲ್ಲಿ ಚಹಾ ಎಲೆಯ ಜೊತೆ ಮಲ್ಲಿಗೆಯನ್ನಿಟ್ಟು ಪರಿಮಳ ಹತ್ತಿಸುವ ಪದ್ಧತಿಯಿದೆ. ಮಲ್ಲಿಗೆಯ ಗಂಧವನ್ನು ಹೀರುವ ಗುಣವೇ ಇಂಗು, ಬೆಳ್ಳುಳ್ಳಿ, ಸಾಬೂನಿನ ವಾಸನೆಯನ್ನೂ ಹೀರುತ್ತದೆ. ಅಗರಬತ್ತಿಯ ಪಕ್ಕದಲ್ಲಿ ತೆರೆದ ಚೀಲದಲ್ಲಿಟ್ಟು ಮಾರುವ ಬಿಡಿ ಪುಡಿಯನ್ನು ಕೊಳ್ಳುವಾಗ ಈ ಮಾತು ನೆನಪಿನಲ್ಲಿರಬೇಕು.

ಪೆಟ್ಟಿಗೆಯಿಂದ ಪೊಟ್ಟಣಕ್ಕೆ

ಚಹಾ ವ್ಯಾಪಾರಿಗಳಿಗೆ ಈ ಸಮಸ್ಯೆ ಹೊಸದಲ್ಲ. ಹಿಂದೆ ಹಡಗೇರುತ್ತಿದ್ದ ಚಹಾದ ಮರದ ಪೆಟ್ಟಿಗೆಗಳಿಗೆ ಒಳಗೆ ಸೀಸದ ಹಾಳೆ ಹೊದಿಸುತ್ತಿದ್ದರು. ಮುಂದೆ ಪ್ಲೈವುಡ್ ಪೆಟ್ಟಿಗೆ, ಅಲ್ಯೂಮಿನಿಯಂ ಹಾಳೆ ಬಂದವು. ಇಂಗ್ಲೆಂಡಿನ ಜಾನ್ ಹಾರ್ನಿಮನ್ 1826ರಲ್ಲಿ ಮೊಹರು ಮಾಡಿದ ಪೊಟ್ಟಣಗಳಲ್ಲಿ ಚಹಾ ಮಾರಲಾರಂಭಿಸಿದರು. ಬಿಡಿ ಚಹಾದಲ್ಲಿ ಕಲಬೆರಕೆ ವ್ಯಾಪಕವಾಗಿದ್ದ ಕಾಲವದು.

ಇಂದಿನ ಪೊಟ್ಟಣ ನೋಡಲು ಒಂದೇ ಹಾಳೆಯಂತಿದ್ದರೂ ಹಲವು ಪದರಗಳನ್ನು ಒಳಗೊಂಡಿರುತ್ತದೆ. ಹೊರಪದರ ಮುದ್ರಣಕ್ಕೆ, ನಡುವಿನ ಲೋಹದ ಪದರ ಬೆಳಕು, ಗಾಳಿ ಮತ್ತು ತೇವವನ್ನು ತಡೆಯಲು, ಒಳಗಿನ ಪಾಲಿಥೀನ್ ಪದರ ಬೆಸುಗೆಗೆ. ಒಳಚೀಲವಿಲ್ಲದ ಬರಿಯ ರಟ್ಟಿನ ಪೆಟ್ಟಿಗೆ ಈ ಕೆಲಸ ಮಾಡಲಾರದು. ಎಷ್ಟೇ ಉತ್ತಮ ಪೊಟ್ಟಣವಾದರೂ ಕತ್ತರಿಸಿದ ಕ್ಷಣದಿಂದ ಅದರ ರಕ್ಷಣೆ ಮುಗಿಯಿತು. ಮುಂದಿನ ಹೊಣೆ ಅಡುಗೆಮನೆಯದು.

ಮನೆಯಲ್ಲಿ ವಹಿಸಬೇಕಾದ ಎಚ್ಚರ

ಕೊಳ್ಳುವಾಗ ಪೊಟ್ಟಣದ ಮೇಲಿನ ಪ್ಯಾಕಿಂಗ್ ದಿನಾಂಕ ನೋಡಬೇಕು. ದೊಡ್ಡ ಪೊಟ್ಟಣ ಅಗ್ಗವೆನಿಸಿದರೂ ಒಂದು ತಿಂಗಳಲ್ಲಿ ಮುಗಿಯುವಷ್ಟನ್ನೇ ತರುವುದು ಲೇಸು. ಕರಾವಳಿ, ಮಲೆನಾಡುಗಳ ಮಳೆಗಾಲದಲ್ಲಿ ಈ ನಿಯಮ ಇನ್ನಷ್ಟು ಮುಖ್ಯ.

ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಅಥವಾ ಪಿಂಗಾಣಿ ಜಾಡಿ ಸೂಕ್ತ. ಪೊಟ್ಟಣದ ಬಾಯಿ ಮಡಚಿ ಕ್ಲಿಪ್ ಹಾಕಿ ಡಬ್ಬಿಯೊಳಗಿಟ್ಟರೆ ಮತ್ತೂ ಒಳ್ಳೆಯದು. ಪಾರದರ್ಶಕ ಗಾಜಿನ ಬಾಟಲಿಯಾದರೆ ಕಪಾಟಿನ ಕತ್ತಲಲ್ಲಿರಲಿ. ಒಲೆಯ ಮೇಲಿನ ಶೆಲ್ಫು ಕೈಗೆ ಸುಲಭವಾಗಿ ಸಿಗುತ್ತದೆ ನಿಜ, ಆದರೆ ಶಾಖ ಮತ್ತು ಕುಕ್ಕರಿನ ಹಬೆ ಎರಡೂ ಅಲ್ಲಿಗೇ ತಲುಪುತ್ತವೆ. ಕುದಿಯುವ ಪಾತ್ರೆಯ ಮೇಲೆ ಹಿಡಿದ ಚಮಚವನ್ನು ಒರೆಸದೆ ಡಬ್ಬಿಗೆ ಹಾಕಬಾರದು. ಹಳೆಯ ಪುಡಿಯ ಮೇಲೆ ಹೊಸದನ್ನು ಸುರಿಯದೆ, ಡಬ್ಬಿಯನ್ನು ತೊಳೆದು ಚೆನ್ನಾಗಿ ಒಣಗಿಸಿ ತುಂಬಬೇಕು.

ದಿನಬಳಕೆಯ ಪುಡಿಗೆ ಫ್ರಿಜ್ ಕೂಡ ಸುರಕ್ಷಿತ ತಾಣವಲ್ಲ. ತಣ್ಣಗಿನ ಡಬ್ಬಿಯನ್ನು ಹೊರತೆಗೆದು ತೆರೆದಾಗಲೆಲ್ಲ ಗಾಳಿಯ ತೇವ ಹನಿಯಾಗಿ ಪುಡಿಗಿಳಿಯುತ್ತದೆ.

ತೇವ ಹಿಡಿದ ಪುಡಿಯನ್ನು ಬಿಸಿಲಿಗೆ ಹರಡುವ ರೂಢಿಯೂ ಇದೆ. ತೇವ ಆರಬಹುದು, ಆದರೆ ಹೋದ ಪರಿಮಳ ಮರಳದು. ಉಳಿದದ್ದೂ ಬಿಸಿಲಿಗೆ ಹಾರಿಹೋಗುತ್ತದೆ. ಕೇವಲ ಸಪ್ಪೆಯಾದ ಪುಡಿಯಿಂದ ಆರೋಗ್ಯಕ್ಕೆ ಹಾನಿಯಿಲ್ಲ. ಆದರೆ ಗಂಟುಕಟ್ಟಿ ಬೂಷ್ಟಿನ ವಾಸನೆ ಬಂದರೆ ಬೆಲೆ ನೋಡದೆ ಎಸೆಯುವುದೇ ಸರಿ.