ಮಡಕೆಯ ಬೆವರು

ಬೇಸಗೆಯ ಮೊದಲಿಗೆ ಹೊಳಲ್ಕೆರೆಯ ಸಂತೆಯಲ್ಲಿ ನೀರಿನ ಮಡಕೆ ಕೊಳ್ಳುವ ಮುದುಕಿಯೊಬ್ಬಳನ್ನು ವಾಚಕರು ಗಮನಿಸಿ ನೋಡಬೇಕು. ಆಕೆ ಮಡಕೆಯನ್ನು ಎಡಗೈಯ ಮೇಲೆ ಸಡಿಲವಾಗಿ ಕೂರಿಸಿಕೊಂಡು, ಬಲಗೈಯ ಬೆರಳ ಗೆಣ್ಣಿನಿಂದ ಮೆಲ್ಲನೆ ಬಡಿಯುತ್ತಾಳೆ. ‘ಠಣ್’ ಎಂಬ ದನಿ ಮೊಳಗಿ ನಿಂತರೆ ಬೆಲೆ ಕೇಳುತ್ತಾಳೆ. ಬೊದ್ದು ದನಿ ಬಂದರೆ ಕೆಳಗಿಡುತ್ತಾಳೆ. ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕಿದ್ದರೂ ಅದರ ಅಂಚುಗಳು ಒಂದನ್ನೊಂದು ಉಜ್ಜಿ ಕಂಪನದ ಶಕ್ತಿಯನ್ನು ನುಂಗಿಬಿಡುತ್ತವೆ. ನಾದವು ಹುಟ್ಟುತ್ತಲೇ ಅಡಗುತ್ತದೆ. ಹಿಂದೆ ರೈಲುಗಾಡಿಯ ಗಾಲಿಗಳನ್ನು ಸುತ್ತಿಗೆಯಿಂದ ಬಡಿದು ಪರೀಕ್ಷಿಸುತ್ತಿದ್ದವರ ವಿದ್ಯೆಯೂ ಇದೇ.

ಮನೆಗೆ ತಂದ ಮಡಕೆಯನ್ನು ಆಕೆ ನೆರಳಿನಲ್ಲಿ, ಗಾಳಿಯಾಡುವ ಕಡೆ, ಒದ್ದೆ ಮರಳಿನ ಮೇಲೆ ಕೂರಿಸುತ್ತಾಳೆ. ನಡುಹಗಲಿಗೆ ಹೊರಗೆ ಬಿಸಿಲು ಸುಡುತ್ತಿರುವಾಗ ಒಳಗಿನ ನೀರು ತಣ್ಣಗಿರುತ್ತದೆ. ಬೆಂಕಿಯಿಲ್ಲ, ಯಂತ್ರವಿಲ್ಲ, ವಿದ್ಯುತ್ತಿಲ್ಲ. ಇದನ್ನು ಪವಾಡವೆನ್ನಲು ನಾನು ಹಿಂಜರಿಯುವುದಿಲ್ಲ; ಕಾರಣ ತಿಳಿದರೆ ಬೆರಗು ಹೆಚ್ಚುವುದೇ ಹೊರತು ಕುಗ್ಗದು.

ಸುಟ್ಟ ಮಣ್ಣಿನಲ್ಲಿ ಅಸಂಖ್ಯಾತ ಸೂಕ್ಷ್ಮರಂಧ್ರಗಳಿವೆ. ಅವುಗಳ ಮೂಲಕ ನೀರು ಜಿನುಗಿ ಹೊರಮೈಗೆ ಬರುತ್ತದೆ. ಅಲ್ಲಿ ವೇಗವಾಗಿ ಚಲಿಸುವ ಅಣುಗಳು ದ್ರವವನ್ನು ಬಿಟ್ಟು ಗಾಳಿಗೆ ಹಾರುತ್ತವೆ. ನಿಧಾನದವು ಹಿಂದೆ ಉಳಿಯುತ್ತವೆ. ಒಂದು ಗ್ರಾಂ ನೀರು ಹೀಗೆ ಆವಿಯಾಗುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ಇದೇ ಗುಪ್ತೋಷ್ಣ. ಹತ್ತು ಲೀಟರು ಹಿಡಿಯುವ ಮಡಕೆಯಿಂದ ಕೇವಲ 100 ಗ್ರಾಂ ನೀರು ಆರಿದರೆ, ಹೊರಗಿನಿಂದ ಬರುವ ಶಾಖವನ್ನು ಬದಿಗಿರಿಸಿದಲ್ಲಿ, ಉಳಿದ ನೀರಿನ ಉಷ್ಣತೆಯು ಸುಮಾರು ಆರು ಡಿಗ್ರಿ ಸೆಲ್ಸಿಯಸ್ ಇಳಿಯಬೇಕು. ಮಂಗಳೂರಿನ ತೇವದ ಗಾಳಿಯಲ್ಲಿ ಇದೇ ಮಡಕೆ ಇಷ್ಟು ತಂಪು ಕೊಡಲಾರದು. ಚಿತ್ರದುರ್ಗದ ಒಣಹವೆಯೇ ಅದರ ಬಂಡವಾಳ. ಈಚೆಗೆ ಅಂದಕ್ಕೆಂದು ಬಣ್ಣ ಬಳಿದ ಮಡಕೆಗಳು ಮಾರಾಟಕ್ಕೆ ಬರುತ್ತಿವೆ. ರಂಧ್ರ ಮುಚ್ಚಿದ ಮಡಕೆಗೂ ತಗಡಿನ ಡಬ್ಬಿಗೂ ಏನು ಭೇದ?

ಆದರೆ ಮಡಕೆಗೆ ತಂಪು ಕೊಡುವ ಈ ಒಣಗಾಳಿಯೇ ಬಯಲಿನಲ್ಲಿ ನೀರುಗಳ್ಳನಾಗುತ್ತದೆ. ಕಡುಬೇಸಗೆಯ ದಿನ ತೆರೆದ ಕೆರೆಯಿಂದ ಐದು ಮಿಲಿಮೀಟರಿನಷ್ಟು ನೀರು ಆವಿಯಾದರೆ, ಒಂದು ಹೆಕ್ಟೇರಿಗೆ 50,000 ಲೀಟರು ಹೋಯಿತೆಂದು ಲೆಕ್ಕ. ಈ ಸೀಮೆಗೆ ಅದು ಸಣ್ಣ ನಷ್ಟವಲ್ಲ. ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದಿತು. ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ತರುವಾಯ, 2022ರಲ್ಲಿ. ಈ ನಡುವೆ ಬಂದ ಬರಗಳಲ್ಲಿ ಹಿರಿಯೂರು, ಹೊಸದುರ್ಗಗಳ ತೋಟಗಾರರು ಟ್ಯಾಂಕರಿನಲ್ಲಿ ನೀರು ತರಿಸಿ ತೆಂಗಿನ ಮರಗಳ ಜೀವ ಹಿಡಿದದ್ದುಂಟು. ಎಷ್ಟೋ ತೋಟಗಳು ಆಗಲೂ ಉಳಿಯಲಿಲ್ಲ.

ಈ ಕಳ್ಳನನ್ನು ತಡೆಯುವ ಉಪಾಯಗಳೂ ಇಲ್ಲಿಯ ಜನರಲ್ಲಿವೆ. ನೀರು ಆವಿಯಾಗುವುದು ಮೇಲ್ಮೈಯಿಂದ. ಆದ್ದರಿಂದ ಅಷ್ಟೇ ನೀರನ್ನು ಇಮ್ಮಡಿ ಆಳದಲ್ಲಿ ನಿಲ್ಲಿಸಿದರೆ ನಷ್ಟವು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಚಿತ್ರದುರ್ಗದ ಕೋಟೆಯಲ್ಲಿ ಬಂಡೆಗಳ ನಡುವಿನ ತಗ್ಗುಗಳಲ್ಲಿ ಹೊಂಡ ಕಟ್ಟಿದವರು ಮಳೆಯ ನೀರು ವ್ಯರ್ಥವಾಗಿ ಇಳಿದುಹೋಗಲು ಬಿಡಲಿಲ್ಲ. ಗೋಪಾಲಸ್ವಾಮಿ ಹೊಂಡ ತುಂಬಿ ಹೆಚ್ಚಾದದ್ದು ಕೆಳಗಿನ ಅಕ್ಕತಂಗಿಯರ ಹೊಂಡಕ್ಕೆ ಹರಿಯುತ್ತದೆ. ಹೊಲದಲ್ಲಿ ಎಡೆಕುಂಟೆ ಹೊಡೆಯುವ ರೈತನು ಕಳೆ ಕೀಳುವುದಷ್ಟನ್ನೇ ಮಾಡುತ್ತಿಲ್ಲ. ಮಣ್ಣಿನ ಕಣಗಳ ಸಂದಿನಲ್ಲಿ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ತೇವ ಮೇಲಕ್ಕೇರುತ್ತಿರುತ್ತದೆ. ಕುಂಟೆ ಆ ಬತ್ತಿಯನ್ನು ಕತ್ತರಿಸುತ್ತದೆ, ಎರೆನೆಲದ ಬಿರುಕುಗಳನ್ನು ಮುಚ್ಚುತ್ತದೆ. ತೆಂಗಿನ ಪಾತಿಗೆ ಹಾಸಿದ ಗರಿ, ಸಿಪ್ಪೆಗಳು ಬಿಸಿಲನ್ನೂ ಗಾಳಿಯನ್ನೂ ತಡೆಯುತ್ತವೆ.

ಇವೆಲ್ಲಕ್ಕಿಂತ ನನಗೆ ಮೆಚ್ಚಿಗೆಯಾದದ್ದು ಎಳೆಯ ಸಸಿಯ ಬುಡದಲ್ಲಿ ಕತ್ತಿನವರೆಗೆ ಹೂಳಿದ ಮಡಕೆ. ನೀರು ತುಂಬಿ ಬಾಯಿಗೆ ಮುಚ್ಚಳವಿಟ್ಟರೆ ಸಾಕು. ಅದೇ ಜಿನುಗುವ ಗುಣ, ಆದರೆ ಇಲ್ಲಿ ನೀರು ಗಾಳಿಯ ಪಾಲಾಗದೆ ಬೇರಿನ ಪಾಲಾಗುತ್ತದೆ. ಸುತ್ತಲಿನ ಮಣ್ಣು ಒಣಗಿದಷ್ಟೂ ಮಡಕೆಯಿಂದ ಹೆಚ್ಚು ಹೀರುತ್ತದೆ. ನೆನೆದಂತೆ ಹೀರುವುದೂ ತಾನಾಗಿ ಕುಂದುತ್ತದೆ. ನೀರೆಷ್ಟು ಬೇಕೆಂದು ಗೊತ್ತುಮಾಡುವುದು ಮಣ್ಣೇ. ರೈತನಿಗೆ ಉಳಿಯುವ ಕೆಲಸವೆಂದರೆ ನಾಲ್ಕಾರು ದಿನಕ್ಕೊಮ್ಮೆ ಮುಚ್ಚಳ ತೆಗೆದು, ಇಳಿದಷ್ಟು ನೀರನ್ನು ಮತ್ತೆ ತುಂಬುವುದು.